ಸೈಕಲ್ಲು, ಕಯಾಕು, ಡೇರೆ ಎಲ್ಲ ಹೊರುವ ಫಿಫ್ತ್ ವೀಲ್ ಟ್ರೇಲರ್ ಆರಿಸುವುದು ಹೇಗೆ?

ಅಮೆರಿಕದಲ್ಲಿ ಟ್ರೇಲರ್, ಅಂದರೆ ಪ್ರವಾಸಕ್ಕೆ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಗಾಲಿಮನೆ, ಮಾರುವ ಅಂಗಳಕ್ಕೆ ಹೋದರೆ ಮಾರಾಟಗಾರರು ಮೊದಲು ತೋರಿಸುವುದು ಅಡುಗೆಮನೆಯ ಕಟ್ಟೆ, ಗೋಡೆಯ ಟಿವಿ, ಮೆತ್ತನೆಯ ಸೋಫಾ. ಸಾಮಾನು ಇಡಲು ಜಾಗ ಎಲ್ಲಿ ಎಂದು ಕೇಳಿದರೆ ಪಕ್ಕದ ದೊಡ್ಡ ಬಾಗಿಲು ಎತ್ತಿ, ಆಚೆ ಬದಿಯವರೆಗೂ ಕಾಣುವ ಖಾಲಿ ಅಂಕಣ ತೋರಿಸುತ್ತಾರೆ. ಜಾಗ ನಿಜವಾಗಿಯೂ ದೊಡ್ಡದೇ. ಆದರೆ ಅದರ ಪೂರ್ತಿ ತುಂಬಿದರೆ ಆ ಭಾರವನ್ನು ಹೊರುವುದು ಟ್ರೇಲರಿನ ಅಚ್ಚು (ಆಕ್ಸಲ್), ಟೈರುಗಳು, ಎಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಪಿಕಪ್ ಟ್ರಕ್ಕಿನ ಹಿಂದಿನ ಅಚ್ಚು. ಹಾಗಾಗಿ ಈ ವಾಹನ ಆರಿಸುವಾಗ ಮೊದಲು ಬೇಕಾಗುವುದು ತಕ್ಕಡಿ. ಅಳತೆಪಟ್ಟಿ ಆಮೇಲೆ.

ಹೊಸಬರಿಗಾಗಿ ಎರಡು ಮಾತು. ಸಾಮಾನ್ಯ ಟ್ರೇಲರ್ ಟ್ರಕ್ಕಿನ ಹಿಂದಿನ ಬಂಪರ್ ಕೆಳಗಿನ ಉಂಡೆಯಾಕಾರದ ಕೊಂಡಿಗೆ ತಗಲಿಕೊಳ್ಳುತ್ತದೆ. ಫಿಫ್ತ್ ವೀಲ್ ಹಾಗಲ್ಲ. ಅದರ ಮೂತಿ ಟ್ರಕ್ಕಿನ ಹಿಂಬದಿಯ ತೆರೆದ ತೊಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ, ಅಲ್ಲಿಂದ ಇಳಿಬಿದ್ದ ಎರಡು ಇಂಚು ದಪ್ಪದ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟ ತೊಟ್ಟಿಯೊಳಗೆ ಕೂರಿಸಿದ ಹಿಚ್ ಎಂಬ ಕೊಂಡಿಗೆ ಕಚ್ಚಿಕೊಳ್ಳುತ್ತದೆ. ಭಾರ ಟ್ರಕ್ಕಿನ ಹಿಂದಿನ ಅಚ್ಚಿನ ನೇರ ಮೇಲೆ ಅಥವಾ ತುಸು ಮುಂದೆ ಬೀಳುವುದರಿಂದ ಓಲಾಟ ಕಡಿಮೆ. ಆ ಮೂತಿಯಲ್ಲಿ ಮಲಗುವ ಕೋಣೆ, ಅದರ ಹಿಂದೆ ಕೆಳಗಡೆ ಬೇಸ್‌ಮೆಂಟ್ ಎಂದು ಕರೆಯುವ ಸಾಮಾನಿನ ಅಂಕಣ. ಇದಕ್ಕೆ ತೆರುವ ಬೆಲೆಯೂ ಇದೆ: ಟ್ರಕ್ಕಿನ ತೊಟ್ಟಿ ಬಹುಪಾಲು ಕೈತಪ್ಪುತ್ತದೆ. ಹಿಚ್ ಅಲ್ಲೇ ಕೂತಿರುತ್ತದೆ, ತೊಟ್ಟಿಗೆ ಎತ್ತರದ ಮುಚ್ಚಿಗೆ ಹಾಕುವಂತಿಲ್ಲ, ತಿರುವಿನಲ್ಲಿ ಟ್ರೇಲರಿನ ಮೂತಿ ಅತ್ತಿತ್ತ ಹೊರಳುವುದರಿಂದ ತೊಟ್ಟಿಯ ಅಂಚಿಗಿಂತ ಎತ್ತರಕ್ಕೆ ಏನನ್ನೂ ಪೇರಿಸುವಂತಿಲ್ಲ. ಇದುವರೆಗೆ ತೊಟ್ಟಿಯಲ್ಲಿ ಸಾಗಿಸುತ್ತಿದ್ದ ಸೈಕಲ್ಲು ಮತ್ತು ಕಯಾಕುಗಳಿಗೆ (ಹುಟ್ಟು ಹಾಕುವ ಕಿರುದೋಣಿ) ಬೇರೆ ನೆಲೆ ಹುಡುಕಲೇಬೇಕು.

ಮೊದಲು ಮನೆಯಲ್ಲೇ ತೂಕ ಹಾಕಿ

ಅಂಗಡಿಗೆ ಹೋಗುವ ಮುನ್ನ ಒಯ್ಯುವ ಸಾಮಾನನ್ನೆಲ್ಲ ಗ್ಯಾರೇಜಿನಲ್ಲಿ ಹರಡಿ. ಒಂದೊಂದಕ್ಕೂ ಮೂರು ವಿಷಯ ಬರೆದುಕೊಳ್ಳಿ: ತೂಕ, ಅತಿ ಉದ್ದದ ಅಳತೆ, ಒದ್ದೆಯಾಗಿ ವಾಪಸು ಬರುತ್ತದೆಯೇ ಇಲ್ಲವೇ. ಬಚ್ಚಲುಮನೆಯ ತಕ್ಕಡಿ ಸಾಕು. ವಸ್ತುವನ್ನು ಹಿಡಿದು ನಿಂತಾಗಿನ ತೂಕದಲ್ಲಿ ನಿಮ್ಮ ತೂಕ ಕಳೆಯಿರಿ.

ಅಂದಾಜಿಗೆ ಕೆಲವು ಅಂಕಿ ಕೊಡುತ್ತೇವೆ. ದೊಡ್ಡವರ ಇ-ಬೈಕು ಒಂದಕ್ಕೆ 55ರಿಂದ 65 ಪೌಂಡ್, ಮಕ್ಕಳ ಸೈಕಲ್ಲು 25, ಹತ್ತರಿಂದ ಹನ್ನೆರಡು ಅಡಿಯ ಪ್ಲಾಸ್ಟಿಕ್ ಕಯಾಕು 45ರಿಂದ 60, ಗಾಳಿ ತುಂಬುವ ಪ್ಯಾಡಲ್ ಬೋರ್ಡು ಚೀಲ, ಪಂಪು ಸೇರಿ 25. ಮಡಚುವ ಕುರ್ಚಿ ನಾಲ್ಕು, ಮೇಜು, ನೆರಳಿನ ಚಪ್ಪರ ಸೇರಿದರೆ 110ರ ಆಸುಪಾಸು. ಐಸ್ ತುಂಬಿದ ಕೂಲರ್ 80, ಸಣ್ಣ ಇನ್ವರ್ಟರ್ ಜನರೇಟರ್ 50, ಕ್ರಿಕೆಟ್ ಕಿಟ್ 25. ಇಡ್ಲಿ ಹಿಟ್ಟಿಗೆ ಟೇಬಲ್‌ಟಾಪ್ ಗ್ರೈಂಡರ್ ಜತೆಗಿರಲೇಬೇಕು ಎನ್ನುವ ಮನೆಯವರು ಅದಕ್ಕೂ 25 ಬರೆದುಕೊಳ್ಳಿ. ಅದನ್ನು ನೆಲಮಟ್ಟದ ಕಪಾಟಿನಲ್ಲಿಡಿ. ತಲೆಯ ಮೇಲಿನ ಕಪಾಟಿನ ತೆಳು ಹಲಗೆ ಅಂಥ ಭಾರಕ್ಕೆ ಮಾಡಿದ್ದಲ್ಲ.

ಟ್ರಕ್ಕಿನ ಬಾಗಿಲಿನ ಚೀಟಿ

ಜಾಹೀರಾತಿನಲ್ಲಿ ಕಾಣುವ ಎಳೆಯುವ ಸಾಮರ್ಥ್ಯದ ಅಂಕಿಯನ್ನು ಸದ್ಯಕ್ಕೆ ಮರೆತುಬಿಡಿ. ಫಿಫ್ತ್ ವೀಲ್ ವಿಷಯದಲ್ಲಿ ಆ ಮಿತಿಗೆ ಬಹಳ ಮೊದಲೇ ಪೇಲೋಡ್, ಅಂದರೆ ಟ್ರಕ್ಕು ತನ್ನ ಮೇಲೆ ಹೊರಬಹುದಾದ ಭಾರ, ಮುಗಿದುಹೋಗುತ್ತದೆ. ಏಕೆಂದರೆ ಟ್ರೇಲರಿನ ಒಟ್ಟು ತೂಕದಲ್ಲಿ ಶೇಕಡಾ 20ರಿಂದ 25ರಷ್ಟು ಕಿಂಗ್‌ಪಿನ್ ಮೂಲಕ ನೇರವಾಗಿ ಟ್ರಕ್ಕಿನ ಮೇಲೆ ಕೂರುತ್ತದೆ. ಇದೇ ಪಿನ್ ತೂಕ.

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಹಳದಿ ಪಟ್ಟಿಯ ಚೀಟಿ ಇರುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಅದೇ ನಿಮ್ಮ ಟ್ರಕ್ಕಿನ ಪೇಲೋಡ್. ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲೂ ಈ ಅಂಕಿ ಬೇರೆ ಇರಬಹುದು, ಡೀಸೆಲ್ ಎಂಜಿನ್, ನಾಲ್ಕು ಚಕ್ರದ ಚಾಲನೆ, ಗಾಜಿನ ಮೇಲ್ಛಾವಣಿ ಎಲ್ಲವೂ ಪೇಲೋಡನ್ನು ತಿನ್ನುತ್ತವೆ. ಒಟ್ಟು ತೂಕದ ಮಿತಿ 10,000 ಪೌಂಡ್ ದಾಟಿದ ದೊಡ್ಡ ಟ್ರಕ್ಕುಗಳಲ್ಲಿ ಈ ಚೀಟಿ ಇಲ್ಲದೆಯೂ ಇರಬಹುದು. ಆಗ ಟ್ಯಾಂಕ್ ತುಂಬಿಸಿದ ಟ್ರಕ್ಕನ್ನು ತೂಕ ಹಾಕಿಸಿ, ಬಾಗಿಲಿನ ಫಲಕದ ಮೇಲಿರುವ ಜಿವಿಡಬ್ಲ್ಯುಆರ್ ಅಂದರೆ ಗರಿಷ್ಠ ಒಟ್ಟು ತೂಕದಿಂದ ಕಳೆಯಬೇಕು.

ಲೆಕ್ಕ ಹೀಗೆ. ಚೀಟಿಯಲ್ಲಿ 3,200 ಇದೆ ಎನ್ನೋಣ. ನಾಲ್ವರ ಕುಟುಂಬ 550, ಹಿಚ್ 150, ಕ್ಯಾಬಿನ್ನಿನ ಉಪಕರಣ, ಚೀಲ, ತಿಂಡಿ 100. ಕಳೆದರೆ ಉಳಿಯುವುದು 2,400. ಪಿನ್ ತೂಕ ಶೇಕಡಾ 22 ಎಂದಿಟ್ಟರೆ ಟ್ರೇಲರಿನ ಗರಿಷ್ಠ ತೂಕ ಸುಮಾರು 10,900 ಪೌಂಡ್. ಶೇಕಡಾ 25 ಎಂದರೆ 9,600 ಮಾತ್ರ. ಇದೇ ಟ್ರಕ್ಕಿನ ಕೈಪಿಡಿ 16,000 ಪೌಂಡ್ ಎಳೆಯಬಹುದು ಎಂದು ಹೇಳುತ್ತಿರಲೂಬಹುದು. ಅದು ಸುಳ್ಳಲ್ಲ, ಆದರೆ ಅಷ್ಟು ತೂಕದ ಫಿಫ್ತ್ ವೀಲ್ ತಗಲಿಸಿದರೆ ಹಿಂದಿನ ಅಚ್ಚು ಕುಸಿಯುತ್ತದೆ, ಟೈರು ಕಾದು ಒಡೆಯಬಹುದು.

ಈ ಲೆಕ್ಕ ಹಾಕುವಾಗ ಟ್ರೇಲರಿನ ಖಾಲಿ ತೂಕ ಬಳಸಬೇಡಿ. ಕರಪತ್ರದ ಪಿನ್ ತೂಕವೂ ಖಾಲಿ ಟ್ರೇಲರಿನದು. ಅದು 1,700 ಎಂದಿದ್ದ ಟ್ರೇಲರ್ ಬೇಸ್‌ಮೆಂಟ್ ತುಂಬಿದ ಮೇಲೆ 2,300 ದಾಟುವುದು ಸಾಮಾನ್ಯ.

ಟ್ರೇಲರಿನ ಚೀಟಿ

ಅಮೆರಿಕದಲ್ಲಿ ಮಾರುವ ಪ್ರತಿ ಟ್ರೇಲರಿನ ಬಾಗಿಲ ಬಳಿ ಸಾಮಾನಿನ ಗರಿಷ್ಠ ತೂಕ ನಮೂದಿಸಿದ ಚೀಟಿ ಅಂಟಿಸಿರಬೇಕೆಂಬುದು ಕಾನೂನು. ನೀರು ಪೂರ್ತಿ ತುಂಬಿದರೆ ಅದರಲ್ಲಿ ಎಷ್ಟು ಪೌಂಡ್ ಹೋಗುತ್ತದೆ ಎಂಬುದೂ ಅಲ್ಲೇ ಇರುತ್ತದೆ. ಮಾರಾಟಗಾರರು ಆಮೇಲೆ ಕೂರಿಸಿದ ಎರಡನೇ ಎಸಿ, ಸೋಲಾರ್ ಫಲಕ, ಬ್ಯಾಟರಿ ಈ ಅಂಕಿಯಿಂದ ಕಳೆಯಬೇಕಾದವು. ಕಳೆದಿದ್ದಾರೆಯೇ ಎಂದು ಕೇಳಿ.

10,800 ಪೌಂಡ್ ಮಿತಿಯ ಒಂದು ಟ್ರೇಲರಿನ ಚೀಟಿಯಲ್ಲಿ 1,900 ಪೌಂಡ್ ಇದೆ ಎನ್ನಿ. ಕೇಳಲು ಯಥೇಚ್ಛ. ಈಗ ಕಳೆಯುತ್ತ ಬನ್ನಿ. ಒಂದು ಗ್ಯಾಲನ್ ನೀರು 8.3 ಪೌಂಡ್, 50 ಗ್ಯಾಲನ್ ತೊಟ್ಟಿಗೆ 415. ಹೆಚ್ಚುವರಿ ಬ್ಯಾಟರಿ, ಸೋಲಾರ್ 120. ಪಾತ್ರೆ, ಹಾಸಿಗೆ, ಬಟ್ಟೆ, ದಿನಸಿ 500. ನೀರಿನ ಪೈಪು, ಕೊಳಚೆ ಪೈಪು, ದಪ್ಪ ವಿದ್ಯುತ್ ಕೇಬಲ್, ಚಕ್ರಕ್ಕೆ ಕೊಡುವ ಅಡ್ಡೆಗಳು, ಸಮತಟ್ಟು ಮಾಡುವ ಹಲಗೆಗಳು 150. ಒಟ್ಟು 1,185 ಹೋಯಿತು. ಹೊರಾಂಗಣದ ಸಾಮಾನಿಗೆ ಉಳಿದದ್ದು 715. ಮೇಲಿನ ಪಟ್ಟಿಯಲ್ಲಿ ಕಯಾಕು ಬಿಟ್ಟು ಉಳಿದದ್ದನ್ನೆಲ್ಲ, ಇ-ಬೈಕು ಮತ್ತು ಮಕ್ಕಳ ಸೈಕಲ್ಲು ಎರಡೆರಡರಂತೆ ಹಿಡಿದರೆ, ಒಯ್ಯಬಹುದು. ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಆದರೆ ಬಿಡಾರದಿಂದ ಹೊರಡುವಾಗ ಶುದ್ಧ ನೀರನ್ನು ಮತ್ತೆ ತುಂಬಿಸಿಕೊಂಡು, 40 ಗ್ಯಾಲನ್ ಕೊಳಚೆ ನೀರನ್ನು ಖಾಲಿ ಮಾಡದೆ ಬಂದಿರೋ, 330 ಪೌಂಡ್ ಸೇರಿ ಮಿತಿ ದಾಟುತ್ತದೆ.

ನಾಲ್ವರ ಕುಟುಂಬ, ಹೊರಾಂಗಣದ ಹವ್ಯಾಸ ಎರಡು ಮೂರು ಇದ್ದರೆ 2,000 ಪೌಂಡಿಗಿಂತ ಕಡಿಮೆ ಸಾಮಾನು ಹೊರುವ ಟ್ರೇಲರನ್ನು ನೋಡುವುದೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. 2,500 ಇದ್ದರೆ ನೆಮ್ಮದಿ. ಒಳಗಿನ ಸಜ್ಜಿಕೆ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ. ಸ್ಲೈಡ್-ಔಟ್, ಅಂದರೆ ಗೋಡೆ ಹೊರಚಾಚಿ ಕೋಣೆ ಹಿಗ್ಗಿಸುವ ವ್ಯವಸ್ಥೆ, ಒಂದೊಂದೂ ಹಲವು ನೂರು ಪೌಂಡ್ ತೂಗುತ್ತದೆ. ಮೂರು ಸ್ಲೈಡಿನ ಅರಮನೆಯಲ್ಲಿ ಸೈಕಲ್ಲಿಗೆ ತೂಕ ಉಳಿದಿರುವುದಿಲ್ಲ.

ಎಲ್ಲಿ ಇಟ್ಟರೆ ಯಾರ ಮೇಲೆ ಭಾರ

ಒಂದೇ ಸಾಮಾನು ಇಟ್ಟ ಜಾಗಕ್ಕೆ ತಕ್ಕಂತೆ ಟ್ರಕ್ಕಿನ ಮೇಲೋ ಟ್ರೇಲರಿನ ಅಚ್ಚಿನ ಮೇಲೋ ಬೀಳುತ್ತದೆ. ಕಿಂಗ್‌ಪಿನ್ನಿನಿಂದ ಟ್ರೇಲರಿನ ಎರಡು ಅಚ್ಚುಗಳ ನಡುಬಿಂದುವಿಗೆ 22 ಅಡಿ ಇದೆ ಎನ್ನಿ. ಬೇಸ್‌ಮೆಂಟ್ ಅಂಕಣ ಪಿನ್ನಿನಿಂದ 5 ಅಡಿ ಹಿಂದೆ. ಅಲ್ಲಿಟ್ಟ 400 ಪೌಂಡಿನಲ್ಲಿ 22ಕ್ಕೆ 17ರ ಪಾಲು, ಅಂದರೆ ಸುಮಾರು 309 ಪೌಂಡ್, ಟ್ರಕ್ಕಿನ ಮೇಲೆ. ದೊಡ್ಡ ಬೇಸ್‌ಮೆಂಟ್ ಕೊಂಡಾಡುವವರು ಹೇಳದೆ ಬಿಡುವ ವಿಷಯ ಇದೇ.

ಹಿಂದಕ್ಕಿಟ್ಟರೆ ಇದರ ತಿರುಗುಮುರುಗು. ಅಚ್ಚಿನಿಂದ 10 ಅಡಿ ಹಿಂದೆ, ಟ್ರೇಲರಿನ ಬಾಲಕ್ಕೆ 150 ಪೌಂಡಿನ ಸೈಕಲ್ ಸ್ಟ್ಯಾಂಡ್ ತಗಲಿಸಿದರೆ ಪಿನ್ ತೂಕ 68 ಪೌಂಡ್ ಇಳಿಯುತ್ತದೆ, ಅಚ್ಚಿನ ಮೇಲೆ 218 ಏರುತ್ತದೆ. ಇಷ್ಟು ಸಣ್ಣ ಬದಲಾವಣೆಯಿಂದ ತೊಂದರೆಯಿಲ್ಲ. ಬಾಲದಲ್ಲಿ ಸಾವಿರ ಪೌಂಡ್ ತುಂಬಿ ಮೂತಿಯನ್ನು ಖಾಲಿ ಬಿಟ್ಟರೆ ಮಾತ್ರ ಪಿನ್ ಹಗುರಾಗಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಟ್ರಕ್ಕಿನ ಪೇಲೋಡ್ ಬಿಗಿಯಾಗಿದ್ದರೆ ಅಚ್ಚಿನ ಆಸುಪಾಸಿನಲ್ಲಿ ಕಪಾಟು, ಸೋಫಾ ಕೆಳಗಿನ ಪೆಟ್ಟಿಗೆ, ಮಧ್ಯದ ಕೋಣೆ ಇರುವ ವಿನ್ಯಾಸ ಹುಡುಕಿ. ಭಾರದ ವಸ್ತು ಅಲ್ಲಿ, ಹಗುರ ಕುರ್ಚಿ ಚಪ್ಪರ ಬೇಸ್‌ಮೆಂಟಿನಲ್ಲಿ.

ಶುದ್ಧ ನೀರಿನ ತೊಟ್ಟಿ ಎಲ್ಲಿದೆ ಎಂದು ಬಗ್ಗಿ ನೋಡಿ. ಅಚ್ಚಿನ ಮೇಲಿದ್ದರೆ ಒಳ್ಳೆಯದು. ತುಂಬಿದರೂ ಖಾಲಿಯಾದರೂ ತೂಕದ ಹಂಚಿಕೆ ಹೆಚ್ಚು ಬದಲಾಗುವುದಿಲ್ಲ.

ಯಾವ ವಿನ್ಯಾಸ

ಬಂಕ್‌ಹೌಸ್ ಮಾದರಿಯಲ್ಲಿ ಮಕ್ಕಳ ಮಂಚಗಳ ಕೋಣೆ ಹಿಂದೆ ಅಥವಾ ಮಧ್ಯದಲ್ಲಿರುತ್ತದೆ. ಕೆಲವದರಲ್ಲಿ ಕೆಳ ಮಂಚ ಗೋಡೆಗೆ ಮಡಚಿ, ಹೊರಗಿನ ಬಾಗಿಲಿನಿಂದ ಸೈಕಲ್ಲನ್ನು ನೇರ ಒಳಗೆ ತಳ್ಳಬಹುದು. ನಾಲ್ಕು ಸೈಕಲ್ಲು ಮತ್ತು ಒಂದಷ್ಟು ಚೀಲ ಇಷ್ಟೇ ಇದ್ದರೆ ಇದು ಸಾಕು, ಹಣವೂ ಉಳಿಯುತ್ತದೆ. ಮಣ್ಣು ಮೆತ್ತಿದ ಚಕ್ರ ಹಾಸಿಗೆಗೆ ತಾಗದಂತೆ ರಬ್ಬರ್ ಹಾಸು ಬೇಕು.

ಹಿಂಭಾಗದಲ್ಲಿ ಲಿವಿಂಗ್ ರೂಮ್ ಇರುವ ಮಾದರಿ ಇಬ್ಬರಿಗೆ ಹಿತ. ಅದರಲ್ಲಿ ದೊಡ್ಡ ಸಾಮಾನಿಗೆ ಬೇಸ್‌ಮೆಂಟ್ ಬಿಟ್ಟರೆ ಬೇರೆ ಗತಿಯಿಲ್ಲ.

ಟಾಯ್ ಹಾಲರ್ ಬೇರೆಯದೇ ಜಾತಿ. ಹಿಂದೆ 10ರಿಂದ 14 ಅಡಿಯ ಗ್ಯಾರೇಜು, ಪೂರ್ತಿ ಹಿಂಗೋಡೆಯೇ ಕೆಳಗಿಳಿದು ರ‍್ಯಾಂಪ್ ಆಗುತ್ತದೆ, ನೆಲದಲ್ಲಿ ಪಟ್ಟಿ ಬಿಗಿಯಲು ಕಬ್ಬಿಣದ ಬಳೆಗಳು. ಕಯಾಕು, ಇ-ಬೈಕು, ಮೋಟಾರ್‌ಸೈಕಲ್ ಎಲ್ಲ ಒಳಗೇ, ಬೀಗದ ಹಿಂದೆ, ಮಳೆ ಧೂಳು ತಾಗದೆ ಬರುತ್ತವೆ. ಆದರೆ ಒಂದು ಸೂಕ್ಷ್ಮವಿದೆ. ಗ್ಯಾರೇಜಿನಲ್ಲಿ ಸಾವಿರಾರು ಪೌಂಡ್ ತುಂಬಿದಾಗಲೂ ಪಿನ್ ತೀರಾ ಹಗುರಾಗಬಾರದೆಂದು ಇವನ್ನು ಮೊದಲೇ ಮೂತಿ ಭಾರವಾಗಿ ಕಟ್ಟುತ್ತಾರೆ. ಎರಡು ಸೈಕಲ್ಲು, ಎರಡು ಕಯಾಕು ಮಾತ್ರ ಹಾಕಿ ಹೊರಟರೆ ಆ ಮೂತಿಭಾರ ಪೂರ್ತಿ ಟ್ರಕ್ಕಿನ ಮೇಲೆಯೇ. ಹಾಗಾಗಿ ಇಲ್ಲಿ ಪಿನ್ ತೂಕವನ್ನು ಎರಡು ಸಲ ಲೆಕ್ಕ ಹಾಕಬೇಕು, ಗ್ಯಾರೇಜು ಖಾಲಿಯಿದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ. ಪೆಟ್ರೋಲ್ ವಾಹನ ಒಯ್ಯುವವರು ಅದು ಒಳಗಿರುವಾಗ ಗ್ಯಾರೇಜಿನಲ್ಲಿ ಯಾರೂ ಮಲಗಬಾರದು. ಪೆಟ್ರೋಲ್ ಡಬ್ಬಿಯನ್ನು ಬೇಸ್‌ಮೆಂಟಿನಲ್ಲೂ ಇಡಬೇಡಿ. ಮೇಲೆಯೇ ಮಲಗುವ ಕೋಣೆ, ಹಬೆ ತಡೆಯುವ ಗೋಡೆ ನಡುವೆ ಇರುವುದಿಲ್ಲ.

ಅಂಗಳದಲ್ಲಿ ಅಳತೆಪಟ್ಟಿ

ಕರಪತ್ರದಲ್ಲಿ ಬೇಸ್‌ಮೆಂಟಿನ ಘನ ಅಡಿ ಬರೆದಿರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಅಳೆಯಬೇಕಾದ್ದು ಬಾಗಿಲಿನ ತೆರಪು: ಅಗಲ, ಎತ್ತರ, ಕರ್ಣ. ಒಳಗೆ 30 ಇಂಚು ಎತ್ತರವಿದ್ದು ಬಾಗಿಲು 22 ಇಂಚು ಮಾತ್ರವಾದರೆ ಅದಕ್ಕಿಂತ ಎತ್ತರದ ಪೆಟ್ಟಿಗೆ ಒಳಗೆ ಹೋಗುವುದಿಲ್ಲ. ನಿಮ್ಮ ಅತಿ ದೊಡ್ಡ ಪೆಟ್ಟಿಗೆಯ ಅಳತೆಯ ರಟ್ಟು ಕತ್ತರಿಸಿ ಒಯ್ದರೆ ಅಂಗಳದಲ್ಲೇ ಗೊತ್ತಾಗುತ್ತದೆ.

ಆಮೇಲೆ ಟಾರ್ಚ್ ಹಿಡಿದು ಒಳಗೆ ತಲೆ ಹಾಕಿ. ಈ ಬದಿಯಿಂದ ಆ ಬದಿಗೆ ಅಡೆತಡೆಯಿಲ್ಲದ ನೇರ ಉದ್ದ ಎಷ್ಟು? ಟ್ರೇಲರಿನ ಹೊರ ಅಗಲ ಹೆಚ್ಚೆಂದರೆ ಎಂಟೂವರೆ ಅಡಿ, ಒಳಗೆ ಸಿಗುವುದು ಎಂಟಡಿಗಿಂತ ಕಡಿಮೆ. ಸ್ಕೀ, ಮೀನಿನ ಗಾಳದ ಕೋಲು, ಡೇರೆಯ ಗಳ, ಎರಡು ತುಂಡಾಗುವ ಹುಟ್ಟು ಎಲ್ಲ ಅಡ್ಡಲಾಗಿ ಹೋಗುತ್ತವೆ. ಹತ್ತಡಿ ಕಯಾಕು ಯಾವ ಬೇಸ್‌ಮೆಂಟಿಗೂ ಹೋಗದು. ಹೈಡ್ರಾಲಿಕ್ ಪಂಪು, ಬ್ಯಾಟರಿ ಪೆಟ್ಟಿಗೆ, ಬಿಸಿಗಾಳಿಯ ಕೊಳವೆ, ನೀರಿನ ಪೈಪುಗಳು ಜಾಗ ಕಬಳಿಸಿರುತ್ತವೆ. ಅವುಗಳ ಮುಂದೆ ಗಟ್ಟಿ ಹಲಗೆಯ ಅಡ್ಡಗೋಡೆ ಇದೆಯೇ ನೋಡಿ. ಬರಿಯ ರಟ್ಟಿನಂಥ ಫಲಕ ಇದ್ದರೆ ಉರುಳಿದ ಕೂಲರ್ ನೀರಿನ ಪೈಪನ್ನು ಮುರಿಯುತ್ತದೆ, ಸೋರಿಕೆ ಗೊತ್ತಾಗುವಷ್ಟರಲ್ಲಿ ನೆಲ ಕೊಳೆತಿರುತ್ತದೆ. ಹೊರಗಿನ ಅಡುಗೆ ಕಟ್ಟೆ ಇರುವ ಮಾದರಿಯಲ್ಲಿ ಅದು ತಿಂದ ಜಾಗವೆಲ್ಲ ಸಾಮಾನಿನದೇ. ನಾವಾದರೆ ಮಡಚುವ ಒಲೆ ಒಯ್ದು ಆ ಜಾಗ ಉಳಿಸಿಕೊಳ್ಳುತ್ತೇವೆ.

ಸ್ಲೈಡ್‌ಗಳನ್ನೆಲ್ಲ ಒಳಗೆ ಎಳೆಸಿ ಮತ್ತೆ ಒಳಹೊಕ್ಕು ನೋಡಲು ಮರೆಯಬೇಡಿ. ದಾರಿಯಲ್ಲಿ ನಿಂತಾಗ ಫ್ರಿಜ್ಜು, ಶೌಚಾಲಯ, ಬೂಟು ಜಾಕೆಟ್ ಇಟ್ಟ ಕಪಾಟು ಇವು ಕೈಗೆ ಸಿಗುತ್ತವೆಯೇ? ಹಲವು ವಿನ್ಯಾಸಗಳಲ್ಲಿ ಸಿಗುವುದಿಲ್ಲ.

ಒದ್ದೆ ಸಾಮಾನಿನ ಕಲಂ ನೆನಪಿದೆಯಲ್ಲ? ಚಳಿಗಾಲದಲ್ಲಿ ಸ್ಕೀ ಬೂಟು, ವೆಟ್‌ಸೂಟು ಒಯ್ಯುವವರಿಗೆ ಬಿಸಿಗಾಳಿ ಹಾಯುವ ಬೇಸ್‌ಮೆಂಟ್ ಬೇಕೇ ಬೇಕು. ನೆಲಕ್ಕೆ ಕಾರ್ಪೆಟ್ ಹಾಸಿದ ಅಂಕಣ ಬೇಡ, ಒರೆಸಬಹುದಾದ ನೆಲವೇ ಇರಲಿ. ಬಾಗಿಲು ಮುಚ್ಚಿ ಒಳಗೊಬ್ಬರು ಕೂತು ಹಗಲು ಬೆಳಕು ಎಲ್ಲಿ ಸೀಳಿ ಬರುತ್ತದೆ ನೋಡಿದರೆ ರಬ್ಬರ್ ಅಂಚಿನ ಬಿರುಕು ತಿಳಿಯುತ್ತದೆ. ಬೆಳಕು ಬಂದ ಕಡೆ ಧೂಳು ನೀರು ಎರಡೂ ಬರುತ್ತವೆ.

ಕಯಾಕು ಮತ್ತು ಸೈಕಲ್ಲು ಹೊರಗೆ ಕಟ್ಟುವುದಾದರೆ

ಟ್ರಕ್ಕಿನ ಛಾವಣಿಯ ಮೇಲೆ ಕಯಾಕು ಕಟ್ಟಬಹುದು, ಅದರ ಬಾಲ ಕ್ಯಾಬಿನ್ನಿನ ಹಿಂದಕ್ಕೆ ಚಾಚದಿದ್ದರೆ ಮಾತ್ರ. ಚಾಚಿದರೆ ಮೊದಲ ಬಿಗಿ ತಿರುವಿನಲ್ಲೇ ಟ್ರೇಲರಿನ ಮೂತಿ ಅದನ್ನು ಮುರಿಯುತ್ತದೆ. ಆರೂವರೆ ಅಡಿ ಅಥವಾ ಅದಕ್ಕಿಂತ ಗಿಡ್ಡ ತೊಟ್ಟಿಯ ಟ್ರಕ್ಕಿನಲ್ಲಿ ಮೂತಿ ಕ್ಯಾಬಿನ್ನಿಗೇ ಬಡಿಯುವ ಅಪಾಯವಿರುವುದರಿಂದ, ತಿರುವಿನಲ್ಲಿ ಹಿಂದಕ್ಕೆ ಸರಿಯುವ ಹಿಚ್ ಬೇಕಾಗಬಹುದು. ಅದು ಸಾಮಾನ್ಯ ಹಿಚ್‌ಗಿಂತ ಭಾರ, ಪೇಲೋಡಿನಿಂದ ಅದನ್ನೂ ಕಳೆಯಿರಿ.

ಟ್ರೇಲರಿನ ಹಿಂದೆ ಕಯಾಕನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡುಗಳೂ ಸಿಗುತ್ತವೆ. ಎತ್ತರ ಕೂಡಿ ನೋಡಿ: ನೆಲದಿಂದ 2 ಅಡಿ ಮೇಲೆ ನಿಂತ 12 ಅಡಿ ಕಯಾಕು 14 ಅಡಿ ಆಗುತ್ತದೆ. ಬಹಳಷ್ಟು ರಾಜ್ಯಗಳಲ್ಲಿ ವಾಹನದ ಎತ್ತರದ ಮಿತಿ 13 ಅಡಿ 6 ಇಂಚು. ಹತ್ತಡಿಯದಾದರೆ ತೊಂದರೆಯಿಲ್ಲ.

ಸೈಕಲ್ ಸ್ಟ್ಯಾಂಡಿಗೆ ಎರಡು ಅನುಮತಿ ಬೇಕು. ಟ್ರೇಲರಿನ ಹಿಂದಿನ ರಿಸೀವರ್ (ಸ್ಟ್ಯಾಂಡ್ ಸಿಕ್ಕಿಸುವ ಚೌಕ ಕೊಳವೆ) ಎಷ್ಟು ಪೌಂಡ್ ತಾಳುತ್ತದೆ ಎಂಬುದು ಒಂದು. ಕೆಲವದರಲ್ಲಿ 300 ಇರುತ್ತದೆ, ಕೆಲವದರಲ್ಲಿ ಏನನ್ನೂ ತಗಲಿಸಬಾರದು ಎಂದೇ ಬರೆದಿರುತ್ತದೆ. ಸ್ಟ್ಯಾಂಡ್ ತಯಾರಕರು ಆರ್‌ವಿ, ಅಂದರೆ ಇಂಥ ಗಾಲಿಮನೆಗಳಲ್ಲಿ ಬಳಸಲು ಒಪ್ಪುತ್ತಾರೆಯೇ ಎಂಬುದು ಇನ್ನೊಂದು. ಕಾರಿನ ಸ್ಟ್ಯಾಂಡನ್ನು ಟ್ರೇಲರಿನ ಬಾಲಕ್ಕೆ ಸಿಕ್ಕಿಸಿದರೆ ಅಚ್ಚಿನಿಂದ ಅಷ್ಟು ದೂರದಲ್ಲಿ ರಸ್ತೆಯ ಪ್ರತಿ ಗುಂಡಿಗೂ ಅದು ಚಾಟಿಯಂತೆ ಚಿಮ್ಮಿ, ಬೆಸುಗೆ ಬಿರಿದು ಸೈಕಲ್ಲು ರಸ್ತೆಗೆ ಬೀಳುತ್ತದೆ. ಇ-ಬೈಕಿನ ಬ್ಯಾಟರಿ ಕಳಚಿ ಒಳಗಿಟ್ಟರೆ ತೂಕವೂ ಇಳಿಯಿತು, ಮಳೆಯ ಚಿಂತೆಯೂ ಇಲ್ಲ.

ಉದ್ದ, ಪರವಾನಗಿ

ಜಾಗ ಬೇಕೆಂದು 40 ಅಡಿ ಟ್ರೇಲರ್ ಕೊಂಡವರಿಗೆ ರಾಷ್ಟ್ರೀಯ ಉದ್ಯಾನಗಳ ಬಿಡಾರಗಳಲ್ಲಿ ಬಾಗಿಲು ಮುಚ್ಚುತ್ತ ಹೋಗುತ್ತದೆ. ಯೊಸೆಮಿಟಿಯ ಅಪ್ಪರ್ ಪೈನ್ಸ್ ಬಿಡಾರದಲ್ಲಿ ಟ್ರೇಲರಿನ ಮಿತಿ 24 ಅಡಿ. ಮಾಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ ಅವಲಾಂಚ್ ಮತ್ತು ರೈಸಿಂಗ್ ಸನ್ ನಡುವೆ, ಬಂಪರ್ ಸೇರಿ 21 ಅಡಿ ಉದ್ದ, ಕನ್ನಡಿ ಸೇರಿ 8 ಅಡಿ ಅಗಲ ಮೀರಿದ ವಾಹನಕ್ಕೆ ಪ್ರವೇಶವಿಲ್ಲ. ಟ್ರೇಲರ್ ಕಳಚಿಟ್ಟು ಹೊರಟರೂ ಎಂಟಡಿ ತೊಟ್ಟಿಯ ನಾಲ್ಕು ಬಾಗಿಲ ಟ್ರಕ್ಕು 21 ಅಡಿ ದಾಟಿರುತ್ತದೆ, ಹಿಂದೆ ನಾಲ್ಕು ಟೈರುಗಳ ಟ್ರಕ್ಕು ಅಗಲದಲ್ಲೇ ಸಿಕ್ಕಿಬೀಳುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಗರಿಷ್ಠ ತೂಕ 10,000 ಪೌಂಡ್ ಮೀರಿದ, 15,000ದವರೆಗಿನ ಫಿಫ್ತ್ ವೀಲ್‌ಗೆ ಸಾಮಾನ್ಯ ಪರವಾನಗಿಯ ಮೇಲೆ ಹೆಚ್ಚುವರಿ ಅನುಮೋದನೆ ಬೇಕು, ಅದನ್ನೂ ದಾಟಿದರೆ ವಾಣಿಜ್ಯೇತರ ಕ್ಲಾಸ್ ಎ. ನಿಮ್ಮ ರಾಜ್ಯದ ನಿಯಮವನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ.

ಹಳೆಯದನ್ನು ಕೊಳ್ಳುವುದಾದರೆ

ಬೇಸ್‌ಮೆಂಟಿನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ಮೆತ್ತಗಿದ್ದರೆ ನೀರು ಕುಡಿದಿದೆ, ಬೆಲೆ ಇಳಿಸಿದರೂ ಬೇಡ. ಟೈರಿನ ಮೇಲೆ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಟ್ರೇಲರ್ ಟೈರುಗಳು ಸವೆಯುವ ಮೊದಲೇ ವಯಸ್ಸಿನಿಂದ ಕೆಡುತ್ತವೆ. ಆರು ವರ್ಷ ದಾಟಿದ್ದರೆ ಹೊಸ ಸೆಟ್ಟಿನ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ. ಒಂದು ಪಕ್ಕ ಮಾತ್ರ ಸವೆದಿದ್ದರೆ ಅಚ್ಚು ಬಾಗಿರಬಹುದು, ಹಿಂದಿನವರು ಮಿತಿ ಮೀರಿ ತುಂಬಿದ್ದರು ಎಂಬುದಕ್ಕೆ ಅದು ಗುರುತು. ಕಿಂಗ್‌ಪಿನ್ ಪೆಟ್ಟಿಗೆ ಚೌಕಟ್ಟಿಗೆ ಸೇರುವ ಬೆಸುಗೆಯಲ್ಲೂ, ಮೂತಿಯ ಹೊರ ಹಾಳೆ ಉಬ್ಬಿದೆಯೇ ಎಂಬುದರಲ್ಲೂ ಕಣ್ಣಿಡಿ.

ತುಂಬಿದ ಮೇಲೆ ತೂಕದ ಕಟ್ಟೆ

ಮೊದಲ ದೂರದ ಪಯಣಕ್ಕೆ ಮುನ್ನ ಎಲ್ಲ ಸಾಮಾನು, ನೀರು, ಜನ ಸೇರಿಸಿ ಹೆದ್ದಾರಿ ಪಕ್ಕದ ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಕಟ್ಟೆಯ ಮೇಲೆ ನಿಲ್ಲಿಸಿ. ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಮೂರು ಬೇರೆ ಬೇರೆ ಹಲಗೆಗಳ ಮೇಲಿರಲಿ. ಬಳಿಕ ಟ್ರೇಲರ್ ಕಳಚಿ, ಅದೇ ಜನ ಅದೇ ಸಾಮಾನಿನೊಂದಿಗೆ ಟ್ರಕ್ಕನ್ನು ಮಾತ್ರ ತೂಗಿಸಿ. ಎರಡು ಸಲದ ಟ್ರಕ್ಕಿನ ತೂಕದ ವ್ಯತ್ಯಾಸವೇ ನಿಜವಾದ ಪಿನ್ ತೂಕ. ಅದಕ್ಕೆ ಟ್ರೇಲರ್ ಅಚ್ಚುಗಳ ತೂಕ ಕೂಡಿದರೆ ಟ್ರೇಲರಿನ ಒಟ್ಟು ತೂಕ. ಅಚ್ಚುಗಳ ಮೇಲೆ ಬಿದ್ದದ್ದನ್ನು ಟೈರುಗಳ ಸಂಖ್ಯೆಯಿಂದ ಭಾಗಿಸಿ, ಟೈರಿನ ಪಕ್ಕದಲ್ಲಿ ಬರೆದ ಮಿತಿಯೊಂದಿಗೆ ಹೋಲಿಸಿ. ಶೇಕಡಾ 15ರಷ್ಟಾದರೂ ಅಂತರ ಉಳಿದಿರಬೇಕು. ಎಡ ಬಲಕ್ಕೆ ಭಾರ ಎಂದೂ ಸಮ ಇರುವುದಿಲ್ಲ.

ಪಿನ್ ತೂಕ ಹೆಚ್ಚು ಬಂದರೆ ಬೇಸ್‌ಮೆಂಟಿನ ಭಾರವನ್ನು ಅಚ್ಚಿನ ಕಡೆಗೆ ಸರಿಸಿ ಮತ್ತೆ ತೂಗಿಸಿ. ಟ್ರೇಲರಿನ ಒಟ್ಟು ತೂಕವೇ ಮೀರಿದ್ದರೆ ಸರಿಸಿ ಪ್ರಯೋಜನವಿಲ್ಲ, ಇಳಿಸಬೇಕು. ಮೊದಲು ಇಳಿಸಬಹುದಾದ್ದು ನೀರು. ಕೊಳಾಯಿ ಇರುವ ಬಿಡಾರಕ್ಕೆ ಹೋಗುವುದಾದರೆ ದಾರಿಗೆ ಹತ್ತು ಗ್ಯಾಲನ್ ಸಾಕು.